ಬುಧವಾರದ ಅಪ್ಪಣೆಗಳು

ಆರು ವರ್ಷಗಳ ಮೇಲೆ, ಹಿಂದಿನ ಬುಧವಾರ, ಜಯನಗರದ ನಮ್ಮ ಕ್ರೈಸ್ತ ಸಭೆಯ ಹಳೆಯ ದೇವಾಲಯದ ಪಕ್ಕದ ಕೋಣೆಗೆ ಹೋಗಿದ್ದೆ. ಜೊಂಡಿನ ಹೊಸ ಚಾಪೆಗಳನ್ನು ಆಗ ತಾನೇ ಬಿಚ್ಚಿ ಹಾಸಿದ್ದರು. ಒಣಹುಲ್ಲಿನ, ಅದರಡಿ ಸ್ವಲ್ಪ ಕೆರೆಯ ಕೆಸರಿನ ಆ ವಾಸನೆ ಮೂಗಿಗೆ ಬಂದದ್ದೇ ತಡ, ಎಷ್ಟು ಸಿಟ್ಟು ಬಂತೆಂದರೆ ಬಾಗಿಲ ಚೌಕಟ್ಟು ಹಿಡಿದು ಒಂದು ಗಳಿಗೆ ಹಾಗೇ ನಿಂತೆ. ಅಯ್ಯನವರು ಒಳಗಿನಿಂದ ನಗುತ್ತಾ ಬಂದರು. ನಮ್ಮ ಸಭಾಪಾಲಕರನ್ನು ನಾವು ಕರೆಯುವುದು ಹಾಗೆ. ಈಗಿರುವವರು ಹೊಸಬರು, ನನಗಿಂತ ಎರಡು ಮೂರು ವರ್ಷ ದೊಡ್ಡವರಿರಬಹುದು.

"ಬನ್ನಿ ಮೇಡಂ. ಮೌನಕೂಟ ಶುರುವಾದ ವರ್ಷ ನೀವಿದ್ರಂತೆ. ನಮ್ಮ ವಿಶೇಷ ಸಂಚಿಕೆಗೆ ಎರಡು ಪುಟ ಬರ್ದುಕೊಡ್ಬೇಕು. ಸವಿನೆನಪು ಅಂತ."

ಗೋಡೆಯ ಮೇಲೆ ಕೂಟ ಶುರು ಮಾಡಿದ ಪ್ರಭಾಕರಯ್ಯನವರ ಫೋಟೋ ಇತ್ತು. ಅವರು ತೀರಿಹೋಗಿ ಎರಡು ವರ್ಷವಾಗಿದೆ. ಕನ್ನಡಕ ಹಾಕಿಕೊಂಡೇ ತೆಗೆಸಿದ ಫೋಟೋ.

"ಇನ್ನೊಂದು ವಿಷಯ. ಆ ವರ್ಷದ ನೋಟ್‌ಬುಕ್ ನಿಮ್ಮ ಹತ್ರಾನೇ ಇದೆ ಅಂದ್ರು. ಕೊಟ್ರೆ ಗಾಜಿನ ಬೀರುವಿನಲ್ಲಿ ಇಡ್ತೀವಿ. ಮುಂದಿನವರು ನೋಡ್ಲಿ ಅಂತ."

ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಆಗ ಇಲ್ಲಿರಲಿಲ್ಲ. ಬರೆದುಕೊಡುತ್ತೇನೆ ಎಂದು ಹೇಳಿ ಬಂದೆ, ಬರೆದಿದ್ದೇನೆ. ಎರಡು ಪುಟಕ್ಕಿಂತ ಹೆಚ್ಚಾಗಿದೆ. ಸವಿ ಎನ್ನುವುದು ಇದರಲ್ಲಿ ಸ್ವಲ್ಪ ಇದೆ, ಅದು ಮೊದಲಲ್ಲೇ ಮುಗಿದುಹೋಗುತ್ತದೆ.

ಅದು ಅರವತ್ತೊಂದರ ಮಳೆಗಾಲ. ನಾನು ರಸಾಯನಶಾಸ್ತ್ರದ ಆನರ್ಸ್ ಕೊನೆಯ ವರ್ಷದಲ್ಲಿದ್ದೆ. ಜಯನಗರದಲ್ಲಿ ಆಗ ಮನೆಗಳಿಗಿಂತ ಸೈಟಿನ ಗುರುತುಕಲ್ಲುಗಳೇ ಹೆಚ್ಚು. ಬಸ್ಸಿಳಿದು ಮನೆ ಸೇರುವಷ್ಟರಲ್ಲಿ ಚಪ್ಪಲಿಗೆ ಕೆಂಪು ಮಣ್ಣಿನ ಇನ್ನೊಂದು ಅಟ್ಟೆ ಅಂಟಿರುತ್ತಿತ್ತು. ಬಾಡಿಗೆಯ ಎರಡು ಕೋಣೆಯಲ್ಲಿ ಅಮ್ಮ, ಅಕ್ಕ, ನಾನು. ಅಪ್ಪ ನಾನು ಹೈಸ್ಕೂಲಿನಲ್ಲಿರುವಾಗಲೇ ಹೋಗಿದ್ದರು. ಅಕ್ಕ ಕರುಣಾಳಿಗೆ ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ ಗಂಡ ಕಾಮಾಲೆಯಿಂದ ತೀರಿಕೊಂಡ. ಅವಳಿಗೆ ಆಗ ಇಪ್ಪತ್ತಮೂರು. ವಾಪಸ್ಸು ಬಂದವಳು ಹೆರಿಗೆ ಆಸ್ಪತ್ರೆಯೊಂದರಲ್ಲಿ ನರ್ಸಾಗಿ ಸೇರಿಕೊಂಡಳು. ಮನೆ ನಡೆಯುತ್ತಿದ್ದದ್ದು ಅವಳಿಂದ, ನಾನು ಓದುತ್ತಿದ್ದದ್ದೂ ಅವಳಿಂದ. ಅವಳ ನಗು ದೊಡ್ಡದು. ವಿಧವೆಯಾದ ಮೇಲೂ ಅದು ಸಣ್ಣದಾಗಲಿಲ್ಲವೆಂದು ಸಭೆಯ ಕೆಲವು ಹೆಂಗಸರಿಗೆ ಬೇಸರವಿತ್ತು.

ದೇವಾಲಯವೆಂದರೆ ಆಗ ಶೀಟು ಹೊದಿಸಿದ ಒಂದು ಹಾಲು, ಪಕ್ಕದಲ್ಲಿ ಈ ಕೋಣೆ. ಸುತ್ತ ಕಾಂಪೌಂಡಿರಲಿಲ್ಲ, ಆಚೆ ರಾಗಿ ಹೊಲ. ನಮ್ಮಲ್ಲಿ ಸಾಲು ಪ್ರಾರ್ಥನೆ ಎಂದೊಂದು ಪದ್ಧತಿಯಿದೆ. ಮನೆಕೂಟಗಳಲ್ಲಿ ಕುಳಿತವರೆಲ್ಲ ಒಬ್ಬರಾದ ಮೇಲೊಬ್ಬರು ಗಟ್ಟಿಯಾಗಿ ಪ್ರಾರ್ಥಿಸಬೇಕು. ನನಗೆ ಅದು ಬರುತ್ತಿರಲಿಲ್ಲ. ಸರದಿ ಹತ್ತಿರವಾದಂತೆ ನಾಲಿಗೆ ಒಣಗುತ್ತಿತ್ತು. ದೇವರಿಗೆ ಹೇಳಬೇಕಾದದ್ದನ್ನು ಪಕ್ಕದ ಮನೆಯ ಸುಂದರಮ್ಮನವರ ಕಿವಿಗೂ ಬೀಳುವಂತೆ ಹೇಳುವುದು ಹೇಗೆಂದು ನನಗೆ ಈಗಲೂ ಗೊತ್ತಿಲ್ಲ. ನನ್ನ ಪಕ್ಕದಲ್ಲೇ ಕೂರುತ್ತಿದ್ದ ಅಕ್ಕ, ನನ್ನ ಸರದಿ ಬಂದಾಗ ತಾನೇ ಇನ್ನೊಂದು ಸಲ ಶುರು ಮಾಡಿ ನನ್ನನ್ನು ದಾಟಿಸಿಬಿಡುತ್ತಿದ್ದಳು.

"ಎರಡು ಸಲ ಮಾಡ್ದೆ ಅಂತ ದೇವ್ರೇನೂ ಕೋಪ ಮಾಡ್ಕೊಳಲ್ಲ ಬಿಡೇ," ಎನ್ನುತ್ತಿದ್ದಳು ದಾರಿಯಲ್ಲಿ.

ಹೀಗಿರುವಾಗ ಜೂನಿನಲ್ಲಿ ಪ್ರಭಾಕರಯ್ಯನವರು ಮೌನಕೂಟ ಆರಂಭಿಸಿದರು. ಅವರು ಶಾಲಾ ಇನ್ಸ್‌ಪೆಕ್ಟರಾಗಿ ನಿವೃತ್ತರಾದವರು, ನಮ್ಮ ಅಪ್ಪನ ಸ್ನೇಹಿತರು. ಯಾವುದೋ ಆಶ್ರಮದಲ್ಲಿ ಮೂರು ತಿಂಗಳಿದ್ದು ಬಂದಿದ್ದರು. ಬುಧವಾರ ಸಂಜೆ ಐದಕ್ಕೆ ಈ ಕೋಣೆಯಲ್ಲಿ ಚಾಪೆಯ ಮೇಲೆ ಕೂರುವುದು, ಕಣ್ಣು ಮುಚ್ಚುವುದು, ಒಂದೇ ಒಂದು ಹೆಸರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಅರ್ಧ ಗಂಟೆ ಏನೂ ಕೇಳದೆ, ಏನೂ ಬೇಡದೆ ಸುಮ್ಮನಿರುವುದು.

ಆ ಮೊದಲ ಬುಧವಾರಗಳನ್ನು ನಾನು ಇಲ್ಲವೆನ್ನಲಾರೆ. ಚಾಪೆ ಹೊಸದು. ಶೀಟಿನ ಮೇಲೆ ಮಳೆ. ಹತ್ತು ಹನ್ನೆರಡು ಜನರ ಉಸಿರು. ಯಾರೂ ನನ್ನ ಸರದಿಗೆ ಕಾಯುತ್ತಿರಲಿಲ್ಲ. ದೇವರ ಮುಂದೆ ನಾನು ಗಾಬರಿಯಿಲ್ಲದೆ ಕೂತದ್ದು ಅದೇ ಮೊದಲು. ಹೊರಬಂದಾಗ ಹೊಲದ ಮೇಲಿನ ಬೆಳಕನ್ನು ಯಾರೋ ತೊಳೆದಿಟ್ಟಂತೆ ಇರುತ್ತಿತ್ತು, ಬಸ್ಸಿನ ತಗಡು ಕೂಡ ಚೆಂದ ಕಾಣುತ್ತಿತ್ತು. ಸಭೆಯ ಕೆಲವು ಹಿರಿಯರು ಗೊಣಗಿದರು. ಇದು ಯೋಗ, ಇದು ಧ್ಯಾನ, ಇದು ನಮ್ಮದಲ್ಲ, ಮನಸ್ಸನ್ನು ಖಾಲಿ ಮಾಡಿದರೆ ಅಲ್ಲಿ ಯಾರು ಬಂದು ಕೂರುತ್ತಾರೋ ಯಾರಿಗೆ ಗೊತ್ತು ಎಂದರು. ಈಗಲೂ ಕೆಲವರು ಅದನ್ನೇ ಹೇಳುತ್ತಾರೆ. ಆ ಆಕ್ಷೇಪ ನನ್ನದಲ್ಲ. ಕಣ್ಣು ಮುಚ್ಚಿ ಸುಮ್ಮನೆ ಕೂತದ್ದರಿಂದ ಯಾರ ಧರ್ಮವೂ ಕೆಟ್ಟದ್ದನ್ನು ನಾನು ನೋಡಿಲ್ಲ. ಕೆಟ್ಟದ್ದು ಕಣ್ಣು ಬಿಟ್ಟ ಮೇಲೆ.

ಜುಲೈಯಲ್ಲಿ ಪ್ರಭಾಕರಯ್ಯನವರು ಒಂದು ಹೊಸ ಕ್ರಮ ಸೇರಿಸಿದರು. ಮೌನ ಮುಗಿದ ಮೇಲೆ ಯಾರಿಗೆ ಒಳಗೆ ಏನು ಕೇಳಿಸಿತೋ ಅದನ್ನು ಹೇಳಬೇಕು. ಒಬ್ಬರು ಬರೆದಿಡಬೇಕು.

"ವಿಮಲಾ, ನೀನು ಓದಿದವಳು, ಅಕ್ಷರ ದುಂಡಗಿದೆ. ನೀನೇ ಬರಿಯಮ್ಮ," ಎಂದರು.

ನೂರು ಪುಟದ ನೋಟ್‌ಬುಕ್ ಕೊಂಡು, ಲ್ಯಾಬಿನ ಅಭ್ಯಾಸದಂತೆ ಪ್ರತಿ ಪುಟದಲ್ಲೂ ಮೂರು ಕಾಲಂ ಗೆರೆ ಹಾಕಿದೆ: ಹೆಸರು, ಕೇಳಿಸಿದ್ದು, ಕಾರಣ. ಪ್ರಭಾಕರಯ್ಯನವರು ನೋಡಿ ನಕ್ಕರು. "ಕಾರಣದ ಕಾಲಂ ಬೇಡಮ್ಮ. ಮೌನದಲ್ಲಿ ಬರೋದಕ್ಕೆ ಕಾರಣ ಇರೋಲ್ಲ." ಅಷ್ಟರಲ್ಲಿ ಇಡೀ ಪುಸ್ತಕಕ್ಕೆ ಗೆರೆ ಹಾಕಿಯಾಗಿತ್ತು. ಆ ಕಾಲಂ ಖಾಲಿ ಉಳಿಯಿತು.

ನಮ್ಮ ಲ್ಯಾಬಿನಲ್ಲಿ ಒಂದು ಕಟ್ಟಳೆಯಿತ್ತು. ಟೆಸ್ಟ್ ಟ್ಯೂಬಿನಲ್ಲಿ ಬಣ್ಣ ಬರದಿದ್ದರೆ ಬರಲಿಲ್ಲವೆಂದೇ ಬರೆಯಬೇಕು. ಬರಬೇಕಾಗಿತ್ತು ಎಂದು ಪುಸ್ತಕದಲ್ಲಿದೆ, ಪಕ್ಕದವಳಿಗೆ ಬಂದಿದೆ, ಆದ್ದರಿಂದ ನನಗೂ ಬಂತು ಎಂದು ಬರೆದರೆ ನಮ್ಮ ಮೇಷ್ಟ್ರು ರೆಕಾರ್ಡನ್ನು ಕಿಟಕಿಯಾಚೆ ಎಸೆಯುತ್ತಿದ್ದರು. ನನಗೆ ಮೌನದಲ್ಲಿ ಎಂದೂ ಏನೂ ಕೇಳಿಸಲಿಲ್ಲ. ನೆಮ್ಮದಿ ಸಿಕ್ಕಿತು, ದನಿ ಕೇಳಲಿಲ್ಲ. ಹಾಗಾಗಿ ಪ್ರತಿ ವಾರವೂ ನನ್ನ ಹೆಸರಿನ ಮುಂದೆ ಒಂದೇ ಮಾತು: ಏನೂ ಇಲ್ಲ. ಹೆಚ್ಚಿನವರದೂ ಮೊದಮೊದಲು ಹಾಗೇ ಇತ್ತು. ಆಮೇಲೆ ಒಬ್ಬೊಬ್ಬರಿಗೇ ಬರತೊಡಗಿತು. ಏನೂ ಇಲ್ಲ ಎನ್ನುವುದಕ್ಕೆ ಅವರಿಗೆ ನಾಚಿಕೆಯಾಗಿರಬೇಕು.

ಪ್ರಭಾಕರಯ್ಯನವರಿಗೆ ಮಾತ್ರ ತಪ್ಪದೆ ಬರುತ್ತಿತ್ತು. ಅವರು ಕಣ್ಣು ತೆರೆದು, ಕನ್ನಡಕ ತೆಗೆದು, ಅದರ ಕಡ್ಡಿಗಳನ್ನು ನಿಧಾನವಾಗಿ ಮಡಚಿ ಹೇಳುತ್ತಿದ್ದರು: "ಅಪ್ಪಣೆಯಾಯ್ತು." ಮೂವತ್ತು ವರ್ಷ ಇಲಾಖೆಯಲ್ಲಿ ಅಪ್ಪಣೆ ಹೊರಡಿಸಿದವರ ಬಾಯಿಂದ ಆ ಮಾತು ಎಷ್ಟು ಸಲೀಸಾಗಿ ಬರುತ್ತಿತ್ತು! ಸುಂದರಮ್ಮನವರು ರೇಡಿಯೋದಲ್ಲಿ ಸಿನಿಮಾ ಹಾಡು ಕೇಳುವುದನ್ನು ಬಿಡಬೇಕೆಂದು ಅಪ್ಪಣೆಯಾಯಿತು. ಅವರು ಬಿಟ್ಟರು. ಗುಮಾಸ್ತರೊಬ್ಬರ ಮಗಳು ಟ್ರೈನಿಂಗಿಗೆಂದು ಮೈಸೂರಿನ ಹಾಸ್ಟೆಲು ಸೇರಬಾರದೆಂದು ಅಪ್ಪಣೆಯಾಯಿತು. ಅವಳು ಸೇರಲಿಲ್ಲ. ನಾನು ದುಂಡಗಿನ ಅಕ್ಷರದಲ್ಲಿ ಬರೆದೆ. ಆ ಹುಡುಗಿ ಗೋಡೆಗೆ ಒರಗಿ ಚಾಪೆಯ ಒಂದು ಎಳೆಯನ್ನು ಕೀಳುತ್ತಾ ಕೂತಿದ್ದಳು. ಅದನ್ನು ನೋಡಿಯೂ ನಾನು ಬರೆದೆ. ಈ ಸಿಟ್ಟಿನಲ್ಲಿ ನನ್ನ ಪಾಲೂ ಇದೆ. ಆ ಅಪ್ಪಣೆಗಳು ಸದಾ ಇನ್ನೊಬ್ಬರ ಮೇಲೇ ಬರುತ್ತಿದ್ದವು, ಹೆಚ್ಚಾಗಿ ಹೆಂಗಸರ ಮೇಲೆ. ಪ್ರಭಾಕರಯ್ಯನವರಿಗೆ ತಮ್ಮ ಬಗ್ಗೆಯೇ ಒಂದು ಬುಧವಾರವೂ ಅಪ್ಪಣೆಯಾಗಲಿಲ್ಲ. ನೋಟ್‌ಬುಕ್ ನನ್ನ ಮುಂದೆಯೇ ಇದೆ, ನೋಡಿಕೊಂಡೇ ಹೇಳುತ್ತಿದ್ದೇನೆ.

ಆಗಸ್ಟಿನಲ್ಲಿ ಅಕ್ಕನಿಗೆ ಸಂಬಂಧ ಬಂತು. ಸತ್ಯಾನಂದ ನಮ್ಮ ಸಭೆಯವನೇ, ಕಾರ್ಖಾನೆಯಲ್ಲಿ ಫಿಟ್ಟರ್, ಸಿದ್ದಾಪುರದಲ್ಲಿ ಒಂದು ಕೋಣೆ ಮಾಡಿಕೊಂಡಿದ್ದ. ಅವನ ಹೆಂಡತಿ ತೀರಿಕೊಂಡು ಮೂರು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಅವನು ಹಳೆಯ ಅಯ್ಯನವರ ಮೂಲಕ ಕೇಳಿಸಿದ. ಅಕ್ಕ ಎರಡು ದಿನ ಯೋಚಿಸಿ ಹೂಂ ಎಂದಳು. ಅವಳ ಮುಖದಲ್ಲಿ ಬೇರೆಯೇ ಒಂದು ಗೆಲುವು ಬಂತು. ಆಸ್ಪತ್ರೆಗೆ ಹೊರಡುವ ಮುಂಚೆ ಕನ್ನಡಿಯ ಮುಂದೆ ಒಂದು ನಿಮಿಷ ಹೆಚ್ಚು ನಿಲ್ಲತೊಡಗಿದಳು. ವಿಧವೆಯ ಮದುವೆಗೆ ನಮ್ಮಲ್ಲಿ ಯಾವ ನಿಷೇಧವೂ ಇಲ್ಲ. ಮಾಡಿಕೊಳ್ಳಕೂಡದೆಂದು ತೋರಿಸಬಹುದಾದ ಒಂದು ವಾಕ್ಯವೂ ಬೈಬಲಿನಲ್ಲಿಲ್ಲ.

ಮದುವೆಗೆ ಮುಂಚೆ ಮೂರು ಭಾನುವಾರ ದೇವಾಲಯದಲ್ಲಿ ಪ್ರಕಟಣೆ ಓದುವುದು ನಮ್ಮ ಪದ್ಧತಿ. ಇಂಥವರಿಗೂ ಇಂಥವರಿಗೂ ಮದುವೆ, ತಕ್ಕ ಅಡ್ಡಿ ಗೊತ್ತಿದ್ದವರು ತಿಳಿಸಬೇಕು ಎಂದು ಅಯ್ಯನವರು ಓದುತ್ತಾರೆ. ಒಂದು ಕ್ಷಣ ನಿಲ್ಲಿಸುತ್ತಾರೆ. ಯಾರೂ ಮಾತಾಡದಿದ್ದರೆ ಮುಂದಿನ ಹಾಡು. ಸೆಪ್ಟೆಂಬರಿನ ಮೊದಲ ಭಾನುವಾರ ಮೊದಲನೆಯದು ಓದಿದರು. ಯಾರೂ ಮಾತಾಡಲಿಲ್ಲ. ಅಕ್ಕ ಹಾಡಿನ ಪುಸ್ತಕವನ್ನು ತಲೆಕೆಳಗಾಗಿ ಹಿಡಿದು ಹಾಡಿದಳು.

ಆ ಬುಧವಾರ ಸತ್ಯಾನಂದನೂ ಮೌನಕೂಟಕ್ಕೆ ಬಂದ. ಬಾ ಎಂದು ಅಕ್ಕನೇ ಹೇಳಿದ್ದಳು. ಸೈಕಲ್ಲನ್ನು ಗೋಡೆಗೆ ಒರಗಿಸಿ, ಪ್ಯಾಂಟಿನ ಕ್ಲಿಪ್ಪನ್ನೂ ತೆಗೆಯದೆ ಗಂಡಸರ ಕಡೆ ಹಿಂದೆ ಕೂತ. ಮಳೆ ಹಿಡಿದಿತ್ತು. ಹತ್ತು ನಿಮಿಷವಾಗಿರಬೇಕು, ಒಂದು ಸದ್ದು ಶುರುವಾಯಿತು. ಮಳೆನೀರು ಹೊಂಡಕ್ಕೆ ಇಳಿಯುತ್ತಿದೆ ಎಂದುಕೊಂಡೆ. ಸದ್ದು ನಿಂತು, ಮತ್ತೆ ಇನ್ನೂ ಗಟ್ಟಿಯಾಗಿ ಬಂತು. ಸುಂದರಮ್ಮನವರು ಒಂದು ಕಣ್ಣು ತೆರೆದರು. ಅಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡಳು, ಆದರೂ ಅವಳ ಭುಜ ಕುಣಿಯುತ್ತಿತ್ತು. ಆಮೇಲೆ ಸೆರಗೂ ಸಾಲಲಿಲ್ಲ.

"ಎದ್ದೇಳಪ್ಪ ಸತ್ಯಾನಂದ," ಎಂದರು ಪ್ರಭಾಕರಯ್ಯನವರು, ಮೆತ್ತಗೆ.

ಅವನು ಗಡಬಡಿಸಿ ಎದ್ದುನಿಂತ. "ತಪ್ಪಾಯ್ತು ಸಾರ್. ರಾತ್ರಿ ಪಾಳಿ. ಹಗಲೆಲ್ಲ ಪಕ್ಕದಲ್ಲಿ ಮನೆ ಕಟ್ಟೋ ಗಲಾಟೆ. ಇಷ್ಟು ನೆಮ್ಮದಿಯಾಗಿ ನಿದ್ದೆ ಮಾಡಿ ಎಷ್ಟು ದಿನ ಆಗಿತ್ತೋ. ಸಖತ್ತಾಗಿದೆ ಸಾರ್ ನಿಮ್ಮ ಕೂಟ."

ಹೊಗಳಿಕೆಯೆಂದೇ ಅವನು ಹೇಳಿದ್ದು. ಅಕ್ಕ ಎದ್ದು ಹೊರಗೆ ಓಡಿದಳು, ನಗಲಿಕ್ಕೆ. ಪ್ರಭಾಕರಯ್ಯನವರು ನನ್ನತ್ತ ತಿರುಗಿ, "ಅವನದ್ದು ಬರೀಬೇಡಮ್ಮ," ಎಂದರು. ಆದರೆ ನಾನು ಬರೆದಾಗಿತ್ತು. ಹೆಸರು: ಸತ್ಯಾನಂದ. ಕೇಳಿಸಿದ್ದು: ಗೊರಕೆ. ಕಾರಣ: ರಾತ್ರಿ ಪಾಳಿ. ಆ ಇಡೀ ಮಳೆಗಾಲದಲ್ಲಿ ಅಲ್ಲಿದ್ದವರೆಲ್ಲರಿಗೂ ಒಟ್ಟಿಗೆ ಕೇಳಿಸಿದ ದನಿ ಅದೊಂದೇ, ಕಾರಣದ ಕಾಲಂ ತುಂಬಿದ್ದೂ ಅಲ್ಲಿಯವರೆಗೆ ಅದೊಂದೇ ಸಲ.

ಎರಡನೆಯ ಭಾನುವಾರದ ಪ್ರಕಟಣೆಯೂ ಮುಗಿಯಿತು. ಅದರ ಮುಂದಿನ ಬುಧವಾರ ಪ್ರಭಾಕರಯ್ಯನವರು ಕನ್ನಡಕ ಮಡಚಿದ ರೀತಿ ನಿಧಾನವಾಗಿತ್ತು. "ಕರುಣಾ, ಕೇಳಮ್ಮ. ಅಪ್ಪಣೆಯಾಯ್ತು. ಈ ಮದುವೆ ಬೇಡ. ನೀನು ಒಬ್ಬಳೇ ಇದ್ದು ಸಭೆಯ ಹೆಂಗಸರ ಸೇವೆಗೆ ನಿಲ್ಲಬೇಕು."

ಗೊರಕೆಯ ಅವಮಾನ ತೀರಿಸಿಕೊಂಡರು ಎಂದು ನಾನು ಹೇಳುತ್ತಿಲ್ಲ. ಅವರ ಮನಸ್ಸಿನೊಳಗೆ ಏನಿತ್ತೆಂದು ನನಗೆ ಗೊತ್ತಿಲ್ಲ. ಅವರು ಮೋಸಗಾರರಲ್ಲ, ಅಕ್ಕನ ಮದುವೆ ನಿಂತರೆ ಅವರಿಗೆ ಸಿಗುವಂಥದ್ದು ಏನೂ ಇರಲಿಲ್ಲ. ತಮಗೆ ಹೊಳೆದದ್ದನ್ನು ದೇವರ ಮಾತೆಂದೇ ಅವರು ನಂಬಿದ್ದರು. ಮೋಸಗಾರನಾಗಿದ್ದರೆ ಎಂದಾದರೂ ಸಿಕ್ಕಿಬೀಳುತ್ತಿದ್ದ, ನಂಬಿದವನು ಸಿಕ್ಕಿಬೀಳುವುದು ಯಾರ ಕೈಗೆ? ಅಷ್ಟು ಮೃದುವಾಗಿ, ಕಣ್ಣಲ್ಲಿ ನೀರು ತಂದುಕೊಂಡು, ಒಬ್ಬ ಹೆಂಗಸಿನ ಬಾಳನ್ನು ತನ್ನ ಕಿವಿಯ ಮೇಲೆ ತೀರ್ಮಾನಿಸುವ ಧೈರ್ಯ ಆ ಮನುಷ್ಯನಿಗೆ ಎಲ್ಲಿಂದ ಬಂತು ಎಂದು ನಾನು ಈಗಲೂ ಕೇಳುತ್ತೇನೆ.

ಮನೆಗೆ ಬಂದಾಗ ಅಕ್ಕ ನಗಲಿಲ್ಲ. ಅಮ್ಮ ಒಲೆಯ ಮುಂದೆಯೇ ಕೂತು, "ಅಪ್ಪಣೆ ಅಂದ್ಮೇಲೆ ಆಯ್ತಲ್ಲ. ದೊಡ್ಡೋರು, ಪ್ರಾರ್ಥನೆ ಮಾಡೋರು, ಸುಮ್ಮನೆ ಹೇಳ್ತಾರಾ?" ಎಂದರು. ಸ್ವಲ್ಪ ಹೊತ್ತಿನ ಮೇಲೆ ಅಕ್ಕ ನನ್ನನ್ನು ಕೇಳಿದಳು:

"ನಿಂಗೂ ಏನಾದ್ರೂ ಕೇಳಿಸ್ತೇನೇ, ವಿಮಲಿ? ನಿಜ ಹೇಳು."

"ಇಲ್ಲ. ಏನೂ ಇಲ್ಲ."

"ನಂಗೂ ಇಲ್ಲ," ಎಂದಳು. "ನಂದೇ ಮದುವೆ ವಿಷಯ, ನಂಗೇ ಯಾಕೆ ಹೇಳ್ಲಿಲ್ಲ?" ಅವಳ ದನಿಯಲ್ಲಿ ತಕರಾರು ಇರಲಿಲ್ಲ, ಭಯವಿತ್ತು. ಅವಳು ನಂಬಿಕೆಯವಳು. ಅವಳ ನಂಬಿಕೆಯನ್ನೇ ಹಿಡಿದು ಅವಳನ್ನು ಕಟ್ಟಿದ್ದರು.

ಮಾರನೆಯ ಬೆಳಿಗ್ಗೆ ಜರಗನಹಳ್ಳಿಯಿಂದ ಹಾಲು ತರುವ ಮುನಿತಾಯಮ್ಮ ಬಂದಾಗ ಮನೆಯಲ್ಲಿ ಮೂವರೂ ಮುಖ ಊದಿಸಿಕೊಂಡಿದ್ದೆವು. ಅವರದು ಹೊಲಮನೆ ಇದ್ದ ಕುಟುಂಬ. ಹಾಲು ಹಾಕುವುದಕ್ಕಿಂತ ನಾಲ್ಕು ಮನೆಯ ಸುದ್ದಿ ಕೇಳುವುದು ಅವರಿಗೆ ಇಷ್ಟ. ಬಿಡದೆ ಕೇಳಿ ವಿಷಯ ತಿಳಿದುಕೊಂಡರು. ಚೊಂಬು ಕೆಳಗಿಟ್ಟು ಹೊಸಿಲ ಹೊರಗೆ ಕೂತರು.

"ನಮ್ಮಲ್ಲೂ ಅಪ್ಪಣೆ ಕೇಳ್ತೀವಿ ಕಣವ್ವ. ಮಾರಮ್ಮನ ಮೇಲೆ ಹೂವಿಡ್ತಾರೆ. ಬಲಗಡೆ ಬಿದ್ರೆ ಹೂಂ, ಎಡಗಡೆ ಬಿದ್ರೆ ಊಹೂಂ. ಊರೋರೆಲ್ಲ ಎದುರಿಗೇ ನಿಂತಿರ್ತಾರೆ. ಪೂಜಾರಿ ಬಲಗಡೆ ಅಂದು, ಹೂವು ಎಡಗಡೆ ಬಿದ್ದಿದ್ರೆ ಸುಮ್ನೆ ಬಿಟ್ಟಾರಾ? ನಿಮ್ಮಲ್ಲಿ ಹೂವು ಎಲ್ಲಿ ಬಿತ್ತು?"

"ನಮ್ಮಲ್ಲಿ ಹೂವಿಲ್ಲ ಮುನಿತಾಯಮ್ಮ. ಒಳಗೆ ಕೇಳಿಸುತ್ತೆ."

"ಯಾರಿಗೆ?"

"ಅವರಿಗೆ."

"ಅವರೊಬ್ಬರಿಗೇನಾ?" ಮುನಿತಾಯಮ್ಮ ನಮ್ಮ ಮೂವರನ್ನೂ ಒಬ್ಬೊಬ್ಬರಾಗಿ ನೋಡಿದರು. "ಅಯ್ಯೋ ಶಿವನೇ. ಅಂಗಾದ್ರೆ ಬಿದ್ದಿದ್ದ ನೀವು ಯಾರೂ ನೋಡೇ ಇಲ್ಲ ಅನ್ನಿ."

ಅಮ್ಮ ಸಿಡುಕಿದರು. ಅಕ್ಕ ಮಾತ್ರ ಹಿಂದಿನ ಸಂಜೆಯಿಂದ ಮೊದಲ ಸಲ ತಲೆಯೆತ್ತಿದಳು.

ಶನಿವಾರ ಹಳೆಯ ಅಯ್ಯನವರು ಮನೆಗೆ ಬಂದರು. ಒಳ್ಳೆಯವರು, ಯಾರನ್ನೂ ನೋಯಿಸಲಾರದವರು, ಆದ್ದರಿಂದಲೇ ಯಾರಿಗೂ ಉಪಯೋಗವಿಲ್ಲದವರು. ಕೊಟ್ಟ ಕಾಫಿ ಆರುವವರೆಗೂ ಕುಡಿಯದೆ, ಕೊನೆಗೆ, "ನಾಳೆ ಮೂರನೇ ಪ್ರಕಟಣೆ ಓದೋದು ಬೇಡ ಅಂತ ಕಾಣುತ್ತಮ್ಮ. ಸ್ವಲ್ಪ ತಡೆದು ನೋಡೋಣ," ಎಂದರು.

"ಏನು ಕಾರಣ ಅಯ್ಯನವರೇ?" ಎಂದೆ.

"ಕಾರಣ ಅಂತ ಹೇಗೆ ಕೇಳೋದಮ್ಮ? ಅವರಿಗೆ ಆಗಿದೆಯಂತೆ."

ಅಕ್ಕ ಬಾಗಿಲ ಬಳಿ ನಿಂತಿದ್ದಳು. "ಓದಿ ಅಯ್ಯನವರೇ. ಅಡ್ಡಿ ಇದ್ದೋರು ಎದ್ದು ಹೇಳ್ಲಿ. ಪ್ರಕಟಣೆ ಓದೋದು ಅದಕ್ಕೇ ಅಲ್ವಾ? ಹೂವು ಎಲ್ಲಿ ಬೀಳುತ್ತೋ ನಾನೂ ನೋಡ್ತೀನಿ."

ಹೂವಿನ ಮಾತು ಅವರಿಗೆ ಅರ್ಥವಾಗಲಿಲ್ಲ, ಆದರೆ ಓದುವುದಿಲ್ಲವೆನ್ನಲು ಅವರ ಬಳಿಯೂ ಕಾರಣವಿರಲಿಲ್ಲ. ಭಾನುವಾರ ಓದಿದರು, ಅರ್ಧ ದನಿಯಲ್ಲಿ. ಅಡ್ಡಿ ಇದ್ದವರು ತಿಳಿಸಬೇಕು ಎನ್ನುವಲ್ಲಿಗೆ ಬಂದು ನಿಲ್ಲಿಸಿದರು. ಶೀಟಿನ ಮೇಲೆ ಕಾಗೆಯೊಂದು ನಡೆದಾಡುವ ಸದ್ದು ಕೇಳುತ್ತಿತ್ತು. ಪ್ರಭಾಕರಯ್ಯನವರು ಮುಂದಿನ ಬೆಂಚಿನಿಂದ ಎದ್ದು, ಕನ್ನಡಕ ತೆಗೆದು, ಕಡ್ಡಿಗಳನ್ನು ಮಡಚಿದರು.

"ಅಪ್ಪಣೆಯಾಗಿದೆ. ಈ ಮದುವೆ ಬೇಡ."

ಅಯ್ಯನವರು ಕಾಗದ ನೋಡಿದರು, ಜನ ಅಯ್ಯನವರನ್ನು ನೋಡಿದರು. ಸತ್ಯಾನಂದ ಎದ್ದು, "ಸಾರ್, ನಾನು ಅವತ್ತು ನಿದ್ದೆ ಮಾಡಿದ್ದಕ್ಕೆ..." ಎಂದು ಶುರು ಮಾಡಿದ. ಪಕ್ಕದವರು ಅವನ ಅಂಗಿ ಹಿಡಿದು ಕೂರಿಸಿದರು. ನನ್ನ ಪಕ್ಕದಲ್ಲಿ ಅಕ್ಕ ಎದ್ದು ಮಾತಾಡುವವಳಂತೆ ಬೆಂಚಿನ ಅಂಚು ಹಿಡಿದಿದ್ದಳು, ಏಳಲಾಗುತ್ತಿರಲಿಲ್ಲ. ಎಷ್ಟು ವರ್ಷ ನನ್ನ ಸರದಿಯನ್ನು ಅವಳು ಹೊತ್ತಿದ್ದಳು! ನಾನು ಎದ್ದುನಿಂತೆ. ನೋಟ್‌ಬುಕ್ ಕೈಯಲ್ಲಿತ್ತು. ಬುಧವಾರದ ಪುಟದಲ್ಲಿ ಪೆನ್ನು ಸಿಕ್ಕಿಸಿ ತಂದಿದ್ದೆ.

"ಸಾರ್, ಇದರಲ್ಲಿ ಕಾರಣದ ಕಾಲಂ ಖಾಲಿ ಇದೆ. ಏನಂತ ಬರೀಲಿ?"

ಅವರು ನನ್ನತ್ತ ತಿರುಗಿದರು. ಶಾಲೆ ತಪಾಸಣೆಗೆ ಹೋದಾಗ ಮಕ್ಕಳನ್ನು ಹೀಗೇ ನೋಡುತ್ತಿದ್ದರೇನೋ. ಕೋಪವಿರಲಿಲ್ಲ. "ನಿಂಗೆ ಹೇಳಿದ್ನಲ್ಲಮ್ಮ. ಮೌನದಲ್ಲಿ ಬಂದದ್ದಕ್ಕೆ ಕಾರಣ ಇರೋಲ್ಲ."

"ಇವನಿಗೆ ಹೆಂಡತಿ ಇದ್ದಾಳಾ ಸಾರ್?"

"ಇಲ್ಲ."

"ಕುಡೀತಾನಾ? ಇವಳಿಗೆ ಮನಸ್ಸಿಲ್ವಾ? ಹತ್ತಿರದ ಸಂಬಂಧವಾ?"

"ಅಂಥದ್ದೇನೂ ಇಲ್ಲಮ್ಮ, ಆದ್ರೆ..."

"ಹಾಗಾದ್ರೆ ಏನೂ ಇಲ್ಲ ಅಂತ ಬರೀತೀನಿ."

ನಿಂತಲ್ಲೇ ಬರೆದೆ. ನನ್ನ ಹೆಸರಿನ ಮುಂದೆ ವಾರವಾರವೂ ಬರೆದು ಬರೆದು ಕೈಗೆ ಅಭ್ಯಾಸವಾಗಿದ್ದ ಅದೇ ಎರಡು ಮಾತು. ಕಾರಣ: ಏನೂ ಇಲ್ಲ. ಬರೆದದ್ದನ್ನು ಗಟ್ಟಿಯಾಗಿ ಓದಿದೆ. ದೇವಾಲಯದಲ್ಲಿ ನನ್ನ ದನಿಯನ್ನು ನಾನೇ ಕೇಳಿದ್ದು ಅದೇ ಮೊದಲು.

ಅಲ್ಲಿಗೆ ನಾವು ಗೆದ್ದೆವು ಎಂದು ಓದುವವರಿಗೆ ಅನಿಸಬಹುದು. ಇಲ್ಲ. ಅಯ್ಯನವರು ಪ್ರಕಟಣೆಯ ಕಾಗದವನ್ನು ನಾಲ್ಕಾಗಿ ಮಡಚಿ ಪುಸ್ತಕದೊಳಗಿಟ್ಟು ಹಾಡಿನ ಸಂಖ್ಯೆ ಹೇಳಿದರು. ಹಿರಿಯರು ಸೇರಿ, ಮೂರು ತಿಂಗಳು ಮೌನದಲ್ಲಿ ಕಾದು ನೋಡುವುದೆಂದು ತೀರ್ಮಾನಿಸಿದರು. ಯೋಗ, ಧ್ಯಾನ ಎಂದು ಜೂನಿನಲ್ಲಿ ಗೊಣಗಿದ್ದವರೂ ಅದರಲ್ಲಿದ್ದರು. ಕಣ್ಣು ಮುಚ್ಚುವುದಕ್ಕೆ ಅಷ್ಟೊಂದು ತಕರಾರು ತೆಗೆದಿದ್ದವರಿಗೆ ಬಾಯಿ ಮುಚ್ಚಿಸುವುದಕ್ಕೆ ಯಾವ ತಕರಾರೂ ಇರಲಿಲ್ಲ. ಅಕ್ಕ, ಸತ್ಯಾನಂದ ಕಾಯಲಿಲ್ಲ. ಕಂಟೋನ್ಮೆಂಟ್ ಕಡೆಯ ಬೇರೊಂದು ದೇವಾಲಯದಲ್ಲಿ ಹೊಸದಾಗಿ ಪ್ರಕಟಣೆ ಓದಿಸಿ ನವೆಂಬರಿನಲ್ಲಿ ಮದುವೆಯಾದರು. ಅಲ್ಲಿಯ ಆರಾಧನೆ ತಮಿಳಿನಲ್ಲಿ. ಎಲ್ಲಿ ಹೂಂ ಎನ್ನಬೇಕೆಂದು ಸತ್ಯಾನಂದನಿಗೆ ತಿಳಿಯದೆ ಎರಡು ಸಲ ಮೊದಲೇ ಹೂಂ ಎಂದ. ಅಕ್ಕನ ಹಳೆಯ ನಗು ಅಲ್ಲಿ ಒಮ್ಮೆ ಕೇಳಿಸಿತು. ನಮ್ಮ ಸಭೆಯಿಂದ ನಾನೊಬ್ಬಳೇ ಹೋಗಿದ್ದೆ. ಅಮ್ಮನೂ ಬರಲಿಲ್ಲ.

ಇದು ಇಷ್ಟಕ್ಕೇ ಮುಗಿದಿದ್ದರೆ ಆ ಚಾಪೆಯ ವಾಸನೆಗೆ ನನಗೆ ಈ ಸಿಟ್ಟು ಬರುತ್ತಿರಲಿಲ್ಲ.

ಒಂದೂವರೆ ವರ್ಷದ ಮೇಲೆ ಅಕ್ಕನಿಗೆ ಹೆಣ್ಣುಮಗು ಹುಟ್ಟಿತು, ದಿನ ತುಂಬಿಯೇ, ಉಸಿರಿಲ್ಲದೆ. ಹೊಕ್ಕುಳಬಳ್ಳಿ ಕುತ್ತಿಗೆಗೆ ಸುತ್ತಿಕೊಂಡಿತ್ತು. ಅವಳೇ ಕೆಲಸ ಮಾಡುವ ಆಸ್ಪತ್ರೆ; ಹೀಗಾದ ತಾಯಂದಿರ ಪಕ್ಕ ಕೂತು, ಇದಕ್ಕೆ ಇದು ಕಾರಣ, ನಿಮ್ಮ ತಪ್ಪಲ್ಲ ಎಂದು ಅವಳೇ ಎಷ್ಟೋ ಸಲ ಹೇಳಿದ್ದಳು. ಮೂರನೆಯ ದಿನ ಅಮ್ಮನ ಜೊತೆ ಸುಂದರಮ್ಮನವರು ನೋಡಲು ಬಂದರು. ಮಂಚದ ಪಕ್ಕ ಕೂತು ಕಿತ್ತಳೆ ಸುಲಿಯುತ್ತಾ, "ಏನ್ಮಾಡೋದಮ್ಮ, ಅಪ್ಪಣೆ ಮೀರಿದ್ದಲ್ವಾ," ಎಂದರು. ಬಹಳ ಕರುಣೆಯಿಂದ ಹೇಳಿದರು. ಒಂದು ತೊಳೆಯನ್ನು ಅಕ್ಕನ ಬಾಯಿಯ ಹತ್ತಿರ ಹಿಡಿದರು. ಅಮ್ಮ ಅವರನ್ನು ತಡೆಯಲಿಲ್ಲ, ತಲೆಯಾಡಿಸಿದರು.

ನಾನು ಸುಂದರಮ್ಮನವರ ಕೈಯಿಂದ ಹಣ್ಣು ಕಿತ್ತುಕೊಂಡು ಅವರನ್ನು ಹೊರಗೆ ಕಳಿಸಿದೆ. ನನ್ನ ಸ್ವಭಾವಕ್ಕೆ ಅದು ದೊಡ್ಡ ಅಸಭ್ಯತೆ. ಅದಕ್ಕೆ ನಾನು ಇನ್ನೂ ಕ್ಷಮೆ ಕೇಳಿಲ್ಲ, ಕೇಳುವುದೂ ಇಲ್ಲ. ಆದರೆ ಮಾತು ಆಡಿ ಆಗಿತ್ತು. ಆ ಸಂಜೆ ಅಕ್ಕ ಗೋಡೆಯ ಕಡೆ ಮುಖ ಮಾಡಿಕೊಂಡೇ ಕೇಳಿದಳು:

"ಆ ನೋಟ್‌ಬುಕ್ ಇದೆಯೇನೇ?"

"ಇದೆ."

"ಆ ಪುಟ ತಂದು ತೋರ್ಸು."

ಮಾರನೆಯ ದಿನ ತಂದುಕೊಟ್ಟೆ. ಅವಳು ಬಹಳ ಹೊತ್ತು ನೋಡಿದಳು. ಬೆರಳನ್ನು ಮೂರನೆಯ ಕಾಲಂ ಮೇಲೆ ಇಟ್ಟು, ಓದು ಕಲಿಯುವ ಮಗುವಿನಂತೆ ಒಂದೊಂದೇ ಅಕ್ಷರ ಓದಿದಳು. ಆಮೇಲೆ ಆ ಹಾಳೆಯನ್ನು ಹೊಲಿಗೆಯ ಪಕ್ಕದಲ್ಲಿ ಜೋಪಾನವಾಗಿ ಹರಿದು ದಿಂಬಿನ ಕೆಳಗೆ ಇಟ್ಟುಕೊಂಡಳು.

ಈಗ ಅವಳಿಗೆ ಮೂರು ವರ್ಷದ ಮಗಳಿದ್ದಾಳೆ. ಗಟ್ಟಿಗಿತ್ತಿ, ನಗುವೂ ದೊಡ್ಡದು. ಈ ಮಗುವಿನ ವಿಷಯದಲ್ಲಿ ಯಾರಿಗೂ ಅಪ್ಪಣೆಯಾದಂತೆ ನಾನು ಕೇಳಿಲ್ಲ. ಸುಖಕ್ಕೆ ಯಾರ ಕಿವಿಯೂ ಚುರುಕಾಗುವುದಿಲ್ಲವೇನೋ.

ನನ್ನ ವಿಷಯ ಒಂದೇ ಒಂದು ಮಾತು ಹೇಳುತ್ತೇನೆ. ಆ ವರ್ಷದ ಮೇಲೆ ನನಗೆ ಮೌನದಲ್ಲಿ ಕೂರಲು ಆಗಿಲ್ಲ. ಕಣ್ಣು ಮುಚ್ಚಿದರೆ ಕನ್ನಡಕದ ಕಡ್ಡಿ ಮಡಚುವ ಸಣ್ಣ ಸದ್ದು ಕೇಳಿಸುತ್ತದೆ. ಸಾಲು ಪ್ರಾರ್ಥನೆಯೂ ಬಾರದ, ಮೌನವೂ ಉಳಿಯದ ನಾನು ಎಲ್ಲಿ ಪ್ರಾರ್ಥಿಸಬೇಕೆಂದು ಅವರು ಯಾರೂ ಯೋಚಿಸಲಿಲ್ಲ. ಮೌನ ನನ್ನ ಪಾಲಿಗೆ ಸಿಕ್ಕಿದ್ದ ಒಳ್ಳೆಯ ಕೊಡುಗೆ. ಅದನ್ನು ಒಬ್ಬರು ಮಾತಾಡಿ ಉಳಿದವರು ಸುಮ್ಮನಿರುವ ಏರ್ಪಾಡಾಗಿ ಮಾಡಿದರು. ಆಮೇಲೆ ಅದಕ್ಕೆ ದೇವರ ಹೆಸರಿಟ್ಟರು.

ಅಯ್ಯನವರೇ, ನೀವು ಕೇಳಿದ ಬರಹ ಇದು. ಸಂಚಿಕೆಯಲ್ಲಿ ಹಾಕುವುದು ಬಿಡುವುದು ನಿಮಗೆ ಸೇರಿದ್ದು. ನೀವು ಹಾಕದಿದ್ದರೆ ಹಾಕುವವರಿಗೆ ಕೊಡುತ್ತೇನೆ. ನೋಟ್‌ಬುಕ್ಕನ್ನೂ ಇದರೊಂದಿಗೆ ಕಳಿಸುತ್ತಿದ್ದೇನೆ. ಗಾಜಿನ ಬೀರುವಿನಲ್ಲಿ ಖಂಡಿತ ಇಡಿ, ಗೊರಕೆಯ ಪುಟ ಕಾಣುವಂತೆ ತೆರೆದಿಡಿ. ಅದರ ಮುಂದಿನ ಹಾಳೆ ಇರುವುದಿಲ್ಲ. ಅದು ಅಕ್ಕನ ಹತ್ತಿರವೇ ಇರುತ್ತದೆ. ಏಕೆ ಹರಿದಿದೆ ಎಂದು ಸಭೆಯಲ್ಲಿ ಯಾರಾದರೂ ಕೇಳಿದರೆ ನನಗೆ ಹೇಳಿಕಳುಹಿಸಿ. ಯಾವ ಭಾನುವಾರವಾದರೂ ಬಂದು, ಎಲ್ಲರ ಎದುರಿಗೆ ನಿಂತು, ಕಾರಣ ಹೇಳುತ್ತೇನೆ.